ಶ್ರೀಗಂಧ ಒಂಟಿಯಾಗಿ ಬೆಳೆಯುವುದಿಲ್ಲ

ಊರು ಬಿಟ್ಟು ಬಂದ ಕನ್ನಡಿಗರ ಮನೆಗಳಲ್ಲಿ ಕೆಲವು ಸಾಮಾನು ಇದ್ದೇ ಇರುತ್ತವೆ. ಒಂದು ಡಬ್ಬಿ ಹುಳಿಪುಡಿ, ಒಂದು ಪೊಟ್ಟಣ ರಾಗಿಹಿಟ್ಟು, ಬಚ್ಚಲುಮನೆಯಲ್ಲಿ ಒಂದು ಮೈಸೂರು ಸ್ಯಾಂಡಲ್ ಸೋಪು. ಸೂರತ್ತಿನ ಅಡಾಜಣ್‌ನಲ್ಲಿರುವ ನಮ್ಮ ಮನೆಯೂ ಇದಕ್ಕೆ ಹೊರತಲ್ಲ. ನಮ್ಮ ನಾಡಿಗೆ ಗಂಧದ ನಾಡು ಎಂಬ ಹೆಸರು ತಂದ ಮರ ಅದು. 1792ರಲ್ಲಿ ಟಿಪ್ಪು ಸುಲ್ತಾನ್ ಅದನ್ನು ರಾಜವೃಕ್ಷವೆಂದು ಘೋಷಿಸಿದ. 1916ರಲ್ಲಿ, ನಾಲ್ವಡಿ ಕೃಷ್ಣರಾಜ ಒಡೆಯರ್ ಅರಸರಾಗಿ ವಿಶ್ವೇಶ್ವರಯ್ಯನವರು ದಿವಾನರಾಗಿದ್ದ ಕಾಲದಲ್ಲಿ, ಮೈಸೂರು ಸರ್ಕಾರ ಗಂಧದೆಣ್ಣೆ ಕಾರ್ಖಾನೆ ಆರಂಭಿಸಿತು. ಇದೆಲ್ಲ ನಮಗೆ ಗೊತ್ತು. ಆದರೆ ಆ ರಾಜವೃಕ್ಷ ಸಸ್ಯಶಾಸ್ತ್ರದ ಪ್ರಕಾರ ಒಂದು ಪರಾವಲಂಬಿ, ಪಕ್ಕದ ಗಿಡದ ಬೇರಿಗೆ ಬಾಯಿ ಹಾಕಿ ಬದುಕುವಂಥದ್ದು ಎಂದರೆ ಅನೇಕರು ನಂಬುವುದಿಲ್ಲ.

ನಾನು ಕಂಪ್ಯೂಟರ್ ಓದಿದವನು. ಜೀವಶಾಸ್ತ್ರದ ನಂಟು ಪಿಯುಸಿಗೇ ಮುಗಿದಿತ್ತು. ಮತ್ತೆ ಆ ಪುಸ್ತಕ ತೆರೆಯುವ ಹಾಗೆ ಮಾಡಿದ್ದು ಊರಿನಿಂದ ತಮ್ಮ ಮಾಡಿದ ಒಂದು ಫೋನು. ಅರಸೀಕೆರೆ ಕಡೆಯ ನಮ್ಮ ಎರಡೆಕರೆ ಖುಷ್ಕಿಯಲ್ಲಿ ಶ್ರೀಗಂಧ ಹಾಕಿಸಿಕೊಡುತ್ತೇವೆ ಎಂದು ಯಾರೋ ಬಂದಿದ್ದರಂತೆ. ಸಸಿ ಅವರದು, ಮೊದಲೆರಡು ವರ್ಷದ ನಿಗಾ ಅವರದು, ದುಡ್ಡು ನಮ್ಮದು. ಹದಿನೈದು ವರ್ಷಕ್ಕೆ ಕೋಟಿಗಳ ಲೆಕ್ಕ ಇದ್ದ ಬಣ್ಣದ ಕಾಗದವನ್ನು ತಮ್ಮ ವಾಟ್ಸಾಪ್‌ನಲ್ಲಿ ಕಳಿಸಿದ. ಒಂದೇ ಒಂದು ಷರತ್ತು: ಜಮೀನು ಪೂರಾ ಕ್ಲೀನ್ ಆಗಬೇಕು. ಅಂದರೆ ಅಪ್ಪ ಬದುವಿನ ಮೇಲೆ ನೆಟ್ಟು ಬೆಳೆಸಿದ ಹನ್ನೊಂದು ಹೊಂಗೆ ಮರಗಳನ್ನು ಕಡಿಯಬೇಕು.

"ಏನಣ್ಣ ಹೇಳ್ತೀಯ?" ಅಂದ ತಮ್ಮ.

"ಒಂದು ತಿಂಗಳು ತಡಿ ಕಣೋ, ನೋಡೋಣ" ಅಂದೆ. ಆ ಒಂದು ತಿಂಗಳಲ್ಲಿ ಓದಿದ್ದು, ನೋಡಿದ್ದು, ಕೇಳಿದ್ದು ಈ ಬರಹ. ಮಹಾನಗರಗಳಲ್ಲಿ ಕೂತು ಊರಿನ ಜಮೀನಿನ ಬಗ್ಗೆ, ಇಲ್ಲವೇ ಕಂತಿನಲ್ಲಿ ಕೊಳ್ಳುವ ಗಂಧದ ತೋಟದ ಬಗ್ಗೆ ಯೋಚಿಸುವ ನಮ್ಮಂಥವರಿಗೆ ಉಪಯೋಗವಾದೀತು.

ಮೂರು ಖಾನೆಗಳು

ಬೇರೆ ಬೇರೆ ಜಾತಿಯ ಎರಡು ಜೀವಿಗಳು ಒಂದಕ್ಕೊಂದು ಅಂಟಿಕೊಂಡು ಬಾಳುವುದಕ್ಕೆ ಸಹಜೀವನ ಎನ್ನುತ್ತಾರೆ. ಈ ಅರ್ಥದ ಸಿಂಬಯೋಸಿಸ್ ಎಂಬ ಪದವನ್ನು ಬಳಕೆಗೆ ತಂದವನು ಜರ್ಮನಿಯ ಸಸ್ಯವಿಜ್ಞಾನಿ ಆಂಟನ್ ಡಿ ಬೇರಿ, 1870ರ ದಶಕದ ಕೊನೆಯಲ್ಲಿ. ಬಂಡೆಯ ಮೇಲೆ, ಹಳೇ ಮರದ ತೊಗಟೆಯ ಮೇಲೆ ಬೂದುಬಣ್ಣದ ಹೊಪ್ಪಳೆಯ ಹಾಗೆ ಬೆಳೆಯುವ ಕಲ್ಲುಹೂವು ಅವನಿಗೆ ಮುಖ್ಯ ಉದಾಹರಣೆಯಾಗಿತ್ತು. ನಮ್ಮ ಮಸಾಲೆಗೆ ಹಾಕುತ್ತೇವಲ್ಲ, ಅದೇ ಕಲ್ಲುಹೂವು. ಹೊರಗಿನಿಂದ ಒಂದೇ ಗಿಡದಂತೆ ಕಾಣುವ ಅದು ನಿಜವಾಗಿ ಶಿಲೀಂಧ್ರ ಮತ್ತು ಪಾಚಿಯ ಜಂಟಿ ಸಂಸಾರ. ಶಿಲೀಂಧ್ರ ಮನೆ ಕಟ್ಟುತ್ತದೆ, ನೀರು ಹಿಡಿದಿಡುತ್ತದೆ. ಪಾಚಿ ಬಿಸಿಲಿನಿಂದ ಅಡುಗೆ ಮಾಡುತ್ತದೆ.

ಡಿ ಬೇರಿಯ ಅರ್ಥದಲ್ಲಿ ಸಹಜೀವನ ಎಂದರೆ ಒಟ್ಟಿಗೆ ಬಾಳುವುದು ಅಷ್ಟೇ. ಚೆನ್ನಾಗಿ ಬಾಳುವುದು ಎಂದಲ್ಲ. ಅದರೊಳಗೆ ಮೂರು ಖಾನೆಗಳನ್ನು ಶಾಲೆಯಲ್ಲಿ ಕಲಿಸುತ್ತಾರೆ. ಇಬ್ಬರಿಗೂ ಲಾಭವಾದರೆ ಪರಸ್ಪರ ಸಹಾಯ. ಒಬ್ಬರಿಗೆ ಲಾಭವಾಗಿ ಇನ್ನೊಬ್ಬರಿಗೆ ನಷ್ಟವೂ ಇಲ್ಲ, ಲಾಭವೂ ಇಲ್ಲ ಎಂದರೆ ಸಹಭೋಜನ. ಒಬ್ಬರಿಗೆ ಲಾಭ, ಇನ್ನೊಬ್ಬರಿಗೆ ನಷ್ಟ ಎಂದರೆ ಪರಾವಲಂಬನೆ. ಸಹಭೋಜನ ಎಂಬುದಕ್ಕೆ ಇಂಗ್ಲಿಷಿನಲ್ಲಿರುವ ಕಮೆನ್ಸಲಿಸಂ ಎಂಬ ಪದದ ಮೂಲ ಲ್ಯಾಟಿನ್. ಒಂದೇ ಮೇಜಿನಲ್ಲಿ ಊಟ ಮಾಡುವವರು ಎಂದು ಅದರ ಅರ್ಥ. ನಾವಾದರೆ ಒಂದೇ ಪಂಕ್ತಿಯವರು ಎನ್ನಬಹುದು. ಪ್ಯಾರಸೈಟ್ ಎಂಬುದು ಗ್ರೀಕ್ ಪದ. ಇನ್ನೊಬ್ಬರ ಊಟದ ಪಕ್ಕದಲ್ಲಿ ಕೂರುವವನು ಎಂದು ಅರ್ಥ. ಮೂರೂ ಖಾನೆಗಳ ಪ್ರಶ್ನೆ ಒಂದೇ: ಊಟ ಯಾರದು, ಉಣ್ಣುವವರು ಯಾರು?

ಒಂದೇ ಪಂಕ್ತಿಯವರು

ಸಹಭೋಜನಕ್ಕೆ ಸಿಗುವ ಸುಲಭದ ಉದಾಹರಣೆ ದನಗಳ ಹಿಂದೆ ನಡೆಯುವ ಬೆಳ್ಳಕ್ಕಿ. ಅಡಾಜಣ್ ದಾಟಿ ತಾಪಿ ನದಿಯ ಅಂಚಿನ ಹೊಲಗಳ ಕಡೆ ಹೋದರೆ ಎಮ್ಮೆಯ ಕಾಲ ಬಳಿ ನಾಲ್ಕೈದು ಬೆಳ್ಳಕ್ಕಿ ಕಾಣದ ದಿನವಿಲ್ಲ. ಎಮ್ಮೆ ಹೆಜ್ಜೆ ಇಟ್ಟಂತೆ ಹುಲ್ಲಿನಿಂದ ಮಿಡತೆ ಹಾರುತ್ತವೆ, ಬೆಳ್ಳಕ್ಕಿ ಹಿಡಿಯುತ್ತದೆ. ಎಮ್ಮೆಗೆ ಅದರ ಪರಿವೆಯೇ ಇಲ್ಲ. ಮಲೆನಾಡಿನಲ್ಲಿ ಮರದ ಕೊಂಬೆಯ ಮೇಲೆ ಗೊಂಚಲು ಗೊಂಚಲಾಗಿ ಅರಳುವ ಸೀತಾಳೆ ದಂಡೆಯೂ ಹಾಗೆಯೇ. ಅದು ಮರದ ರಸ ಹೀರುವುದಿಲ್ಲ. ಅದಕ್ಕೆ ಬೇಕಾದದ್ದು ಕೂರಲು ಜಾಗ, ಸ್ವಲ್ಪ ಬೆಳಕು, ಗಾಳಿಯ ತೇವ. ಬಾಡಿಗೆ ಕೊಡದ, ಆದರೆ ತೊಂದರೆಯನ್ನೂ ಕೊಡದ ಬಿಡಾರದವನು.

ಈ ಖಾನೆಯಲ್ಲಿ ಇನ್ನೊಂದು ಪ್ರಾಣಿ ಇದೆ. ಸೂರತ್ತಿನವರು ಅದನ್ನು ಮರೆಯುವ ಹಾಗಿಲ್ಲ: ಇಲಿ. ಮನುಷ್ಯರು ಬಿಸಾಡಿದ್ದನ್ನು ತಿಂದು ಮನುಷ್ಯರ ಜೊತೆಗೇ ಬಾಳುವ ಇಲಿಗಳನ್ನು ವಿಜ್ಞಾನಿಗಳು ಸಹಭೋಜಿಗಳು ಎಂದೇ ಕರೆಯುತ್ತಾರೆ. ಆದರೆ ಇಲಿಯ ಮೈಮೇಲೆ ಚಿಗಟ ಇರುತ್ತದೆ, ಚಿಗಟದ ಹೊಟ್ಟೆಯಲ್ಲಿ ಯೆರ್ಸಿನಿಯಾ ಪೆಸ್ಟಿಸ್ ಎಂಬ ಪ್ಲೇಗಿನ ಬ್ಯಾಕ್ಟೀರಿಯಾ ಇರಬಹುದು. ಇಲಿಯಿಂದ ಮನುಷ್ಯನಿಗೆ ಬಂದ ರೋಗ ಶ್ವಾಸಕೋಶಕ್ಕೆ ಇಳಿದರೆ ಅಲ್ಲಿಂದ ಮುಂದೆ ಇಲಿಯೂ ಬೇಡ, ಚಿಗಟವೂ ಬೇಡ, ಕೆಮ್ಮಿನಿಂದಲೇ ಹರಡುತ್ತದೆ. 1994ರ ಸೆಪ್ಟೆಂಬರ್‌ನಲ್ಲಿ, ಪ್ರವಾಹ ಇಳಿದು ಬೀದಿ ತುಂಬ ಕಸ, ಕೆಸರು ಇದ್ದ ಹೊತ್ತಿನಲ್ಲಿ, ಸೂರತ್ತಿನಲ್ಲಿ ಶ್ವಾಸಕೋಶದ ಪ್ಲೇಗು ಕಾಣಿಸಿಕೊಂಡಿತು. ಲಕ್ಷಾಂತರ ಜನ ರೈಲು, ಬಸ್ಸು ಸಿಕ್ಕಿದ್ದು ಹತ್ತಿ ಊರು ಬಿಟ್ಟರು. ನಮ್ಮ ಅಪಾರ್ಟ್‌ಮೆಂಟಿನ ಹಿರಿಯರು ಇಂದಿಗೂ ಕಾಲವನ್ನು ಪ್ಲೇಗಿನ ಮುಂಚೆ, ಪ್ಲೇಗಿನ ನಂತರ ಎಂದು ಭಾಗ ಮಾಡಿಯೇ ಮಾತಾಡುತ್ತಾರೆ.

1995ರಲ್ಲಿ ಪಾಲಿಕೆಯ ಆಯುಕ್ತರಾಗಿ ಬಂದ ಎಸ್. ಆರ್. ರಾವ್ ಅವರ ಕಾಲದಲ್ಲಿ ಕಸ ಎತ್ತುವ ವ್ಯವಸ್ಥೆಯೇ ಬದಲಾಯಿತು. 2023ರ ಸ್ವಚ್ಛ ಸರ್ವೇಕ್ಷಣೆಯಲ್ಲಿ ಸೂರತ್ ಇಂದೋರಿನ ಜೊತೆ ಮೊದಲ ಸ್ಥಾನ ಹಂಚಿಕೊಂಡಿತು. ಜೀವಶಾಸ್ತ್ರದ ಕಣ್ಣಿನಿಂದ ನೋಡಿದರೆ, ಇಲಿಗೆ ಹಾಕಿದ್ದ ಎಲೆಯನ್ನೇ ಊರು ಎತ್ತಿಬಿಟ್ಟಿತು. ಇದರಿಂದ ನನಗೆ ಗೊತ್ತಾದ ಮೊದಲ ಸಂಗತಿ: ಯಾವ ಜೀವಿಯೂ ಒಂದೇ ಖಾನೆಯಲ್ಲಿ ಕಾಯಂ ಆಗಿ ಕೂರುವುದಿಲ್ಲ. ಸಂಖ್ಯೆ ಹೆಚ್ಚಿದರೆ, ಪರಿಸರ ಕೆಟ್ಟರೆ, ಪಂಕ್ತಿಯಲ್ಲಿ ಕೂತವನೇ ಅಪಾಯ ತಂದೊಡ್ಡಬಹುದು.

ಕೊಟ್ಟು ಕೊಳ್ಳುವವರು

ಅತ್ತಿ ಹಣ್ಣನ್ನು ಬಿಡಿಸಿ ನೋಡಬಾರದು, ಹುಳ ಇರುತ್ತದೆ ಎಂದು ಚಿಕ್ಕವರಿದ್ದಾಗ ಹೇಳುತ್ತಿದ್ದರು. ಅತ್ತಿಯ ಹೂವನ್ನು ಕಂಡವರಿಲ್ಲ ಎಂಬ ಮಾತೂ ಇದೆ. ಎರಡೂ ಒಂದೇ ಕತೆಯ ಎರಡು ತುದಿಗಳು. ನಾವು ಅತ್ತಿಕಾಯಿ ಎನ್ನುವುದೇ ಒಳಮುಖವಾಗಿ ಅರಳಿದ ನೂರಾರು ಪುಟ್ಟ ಹೂವುಗಳ ಚೀಲ. ಅದರ ತುದಿಯ ಸಣ್ಣ ಕಿಂಡಿಯಿಂದ ಒಂದು ಹೆಣ್ಣು ಕಣಜ ಒಳಗೆ ನುಗ್ಗುತ್ತದೆ. ನುಗ್ಗುವಾಗ ರೆಕ್ಕೆ ಮುರಿಯುತ್ತವೆ, ಮತ್ತೆ ಹೊರಗೆ ಬರುವ ಮಾತಿಲ್ಲ. ತಂದ ಪರಾಗವನ್ನು ಹೂವಿಗೆ ಮುಟ್ಟಿಸಿ, ಕೆಲವು ಹೂವುಗಳಲ್ಲಿ ಮೊಟ್ಟೆಯಿಟ್ಟು ಅಲ್ಲೇ ಸಾಯುತ್ತದೆ. ಮೊಟ್ಟೆಯೊಡೆದು ಬೆಳೆದ ಗಂಡುಗಳಿಗೆ ರೆಕ್ಕೆಯೇ ಇಲ್ಲ. ಅವು ಹೆಣ್ಣುಗಳನ್ನು ಕೂಡಿ, ಗೋಡೆ ಕೊರೆದು ದಾರಿ ಮಾಡಿಕೊಟ್ಟು ಮುಗಿಯುತ್ತವೆ. ಹೆಣ್ಣುಗಳು ಪರಾಗ ಹೊತ್ತು ಹೊರಬಂದು ಒಂದೆರಡು ದಿನದ ಆಯುಸ್ಸಿನಲ್ಲಿ ಇನ್ನೊಂದು ಅತ್ತಿಮರ ಹುಡುಕಬೇಕು. ಕಣಜವಿಲ್ಲದೆ ಅತ್ತಿಗೆ ಬೀಜವಿಲ್ಲ, ಅತ್ತಿಯಿಲ್ಲದೆ ಕಣಜಕ್ಕೆ ಮಕ್ಕಳಿಲ್ಲ. ಆಲ, ಅರಳಿ, ಬಸರಿ ಎಲ್ಲಕ್ಕೂ ಹೀಗೆ ತಮ್ಮದೇ ಕಣಜಗಳಿವೆ. ಇಲ್ಲಿಂದ ಎರಡು ಗಂಟೆ ದೂರದ ಭರೂಚ್ ಬಳಿ, ನರ್ಮದೆಯ ನಡುಗಡ್ಡೆಯಲ್ಲಿ ಹಬ್ಬಿರುವ ಕಬೀರವಡ್ ಆಲವಾಗಲಿ, ಬೆಂಗಳೂರಿನ ಹೊರಗಿನ ದೊಡ್ಡ ಆಲದ ಮರವಾಗಲಿ, ಕಣ್ಣಿಗೆ ಕಾಣದಷ್ಟು ಸಣ್ಣ ಕೀಟದ ಋಣದಲ್ಲಿವೆ.

ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ರೆನೀ ಬೋರ್ಜಸ್ ಮತ್ತು ಅವರ ವಿದ್ಯಾರ್ಥಿಗಳು ಈ ಅತ್ತಿಯ ಮೇಲೆಯೇ ವರ್ಷಗಟ್ಟಲೆ ಕೆಲಸ ಮಾಡಿದ್ದಾರೆ. ಅವರು ನೋಡಿದ ಒಂದು ಸಂಗತಿ ಸ್ವಾರಸ್ಯಕರ. ಕಣಜದ ಮೈಯಲ್ಲಿ ಕೂತು ಒಂದು ಅತ್ತಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡುವ ಸೂಕ್ಷ್ಮ ಜಂತುಹುಳುಗಳಿವೆ. ಬಸ್ಸಿನಲ್ಲಿ ಇಬ್ಬರು ಮೂವರು ಟಿಕೆಟ್ ಇಲ್ಲದೆ ಹತ್ತಿದ ಹಾಗೆ, ಕೆಲವೇ ಇದ್ದರೆ ಕಣಜಕ್ಕೆ ಹೇಳಿಕೊಳ್ಳುವ ತೊಂದರೆಯಿಲ್ಲ. ಹೆಚ್ಚಾದರೆ ಕಣಜಕ್ಕೂ ಅತ್ತಿಗೂ ಹಾನಿ. ಇಲ್ಲೂ ಅದೇ ಮಾತು: ಖಾನೆ ನಿರ್ಧಾರವಾಗುವುದು ಪ್ರಮಾಣದಿಂದ.

ಕೊಡುಕೊಳ್ಳುವಿಕೆ ಮುರಿದು ಬೀಳುವುದನ್ನು ನೋಡಬೇಕಾದರೆ ಗುಜರಾತಿನ ಕರಾವಳಿಗೆ ಹೋಗಬೇಕು. ಜಾಮ್‌ನಗರದ ಬಳಿ ಕಚ್ಛ್ ಕೊಲ್ಲಿಯಲ್ಲಿ 1982ರಲ್ಲಿ ಘೋಷಣೆಯಾದ ಸಾಗರ ರಾಷ್ಟ್ರೀಯ ಉದ್ಯಾನವಿದೆ. ನರಾರಾ ಎಂಬಲ್ಲಿ ಇಳಿತದ ಹೊತ್ತಿಗೆ ನಡೆದುಕೊಂಡೇ ಹೋಗಿ ಹವಳಗಳನ್ನು ನೋಡಬಹುದು. ಹವಳ ಒಂದು ಪ್ರಾಣಿ. ಅದರ ಮೈಯೊಳಗೆ ಸೂಕ್ಷ್ಮ ಪಾಚಿ ವಾಸವಿದೆ. ಪಾಚಿ ತಯಾರಿಸಿದ ಸಕ್ಕರೆಯೇ ಹವಳದ ಮುಖ್ಯ ಆಹಾರ. ಸಮುದ್ರದ ನೀರು ವಾಡಿಕೆಗಿಂತ ಒಂದು ಡಿಗ್ರಿಯಷ್ಟು ಹೆಚ್ಚು ಬಿಸಿಯಾಗಿ ವಾರಗಟ್ಟಲೆ ಹಾಗೇ ಇದ್ದರೆ ಹವಳ ಆ ಪಾಚಿಯನ್ನು ಹೊರಹಾಕುತ್ತದೆ, ಬಿಳಿಚಿಕೊಳ್ಳುತ್ತದೆ. ಬಿಸಿ ಬೇಗ ಇಳಿದರೆ ಪಾಚಿ ಮರಳಿ ಬರಬಹುದು. ಇಳಿಯದಿದ್ದರೆ ಹವಳ ಹಸಿವಿನಿಂದ ಸಾಯುತ್ತದೆ.

ಇನ್ನು ನಮ್ಮ ಕತೆಗೆ ಬೇಕಾದ ಜೋಡಿ ಮಣ್ಣಿನ ಕೆಳಗಿದೆ. ಸೌರಾಷ್ಟ್ರದ ಶೇಂಗಾ ಗಿಡವನ್ನಾಗಲಿ ಚಳ್ಳಕೆರೆಯ ಶೇಂಗಾ ಗಿಡವನ್ನಾಗಲಿ ಕಿತ್ತು ಬೇರು ನೋಡಿ. ಸಣ್ಣ ಸಣ್ಣ ಗಂಟುಗಳಿರುತ್ತವೆ. ಅವುಗಳೊಳಗೆ ರೈಜೋಬಿಯಂ ಗುಂಪಿನ ಬ್ಯಾಕ್ಟೀರಿಯಾಗಳ ವಾಸ. ಗಾಳಿಯಲ್ಲಿರುವ ಸಾರಜನಕವನ್ನು ಗಿಡ ನೇರವಾಗಿ ಬಳಸಲಾರದು. ಈ ಬ್ಯಾಕ್ಟೀರಿಯಾಗಳು ಅದನ್ನು ಗಿಡಕ್ಕೆ ಬೇಕಾದ ರೂಪಕ್ಕೆ ತಿರುಗಿಸಿಕೊಡುತ್ತವೆ. ಬದಲಿಗೆ ಗಿಡದಿಂದ ಸಕ್ಕರೆ ಪಡೆಯುತ್ತವೆ. ತೊಗರಿ, ಅವರೆ, ಹುರುಳಿ, ಹೊಂಗೆ ಎಲ್ಲವೂ ಇದೇ ಕುಟುಂಬದವು. ಹೊಂಗೆ ಸೊಪ್ಪನ್ನು ಗದ್ದೆಗೆ ತುಳಿಸುತ್ತಿದ್ದ ನಮ್ಮ ಹಿರಿಯರಿಗೆ ಸಾರಜನಕದ ಹೆಸರು ಗೊತ್ತಿರಲಿಲ್ಲ, ಅದರ ಗುಣ ಚೆನ್ನಾಗಿ ಗೊತ್ತಿತ್ತು.

ಪಡೆದು ಕೊಡದವರು

ಪರಾವಲಂಬಿಗಳಲ್ಲೂ ದರ್ಜೆಗಳಿವೆ. ಇಲ್ಲಿನವರು ಅಮರವೇಲ್ ಎನ್ನುವ ಹಳದಿ ದಾರದಂಥ ಬಳ್ಳಿಯನ್ನು ಬೇಲಿಗಳ ಮೇಲೆ ನೋಡಿರುತ್ತೀರಿ. ಅದಕ್ಕೆ ಹಸಿರು ಎಲೆಯಿಲ್ಲ, ಬೆಳೆದ ಮೇಲೆ ನೆಲದ ಸಂಬಂಧವೂ ಇಲ್ಲ. ನೀರು, ಆಹಾರ ಎರಡಕ್ಕೂ ಆಸರೆಯ ಗಿಡವೇ ಗತಿ. ಇದು ಪೂರ್ಣ ಪರಾವಲಂಬಿ. ಮಾವಿನ ಮರದ ಮೇಲೆ ಬೆಳೆಯುವ ಬದನಿಕೆ ಹಾಗಲ್ಲ. ಅದಕ್ಕೆ ಹಸಿರು ಎಲೆಗಳಿವೆ, ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ. ನೀರು ಮತ್ತು ಲವಣ ಮಾತ್ರ ಮಾವಿನ ಕೊಂಬೆಯಿಂದ ಕದಿಯುತ್ತದೆ. ಇದು ಅರೆ ಪರಾವಲಂಬಿ.

ಶ್ರೀಗಂಧ ಈ ಎರಡನೇ ದರ್ಜೆಯದು. ಬದನಿಕೆ ಕೊಂಬೆಯ ಮೇಲೆ ಬಹಿರಂಗವಾಗಿ ಮಾಡುವುದನ್ನು ಗಂಧ ಮಣ್ಣಿನ ಕೆಳಗೆ ಮಾಡುತ್ತದೆ. ಅದಕ್ಕೇ ಶತಮಾನಗಳ ಕಾಲ ಯಾರ ಕಣ್ಣಿಗೂ ಬೀಳಲಿಲ್ಲ. 1871ರಲ್ಲಿ ಜಾನ್ ಸ್ಕಾಟ್ ಎಂಬ ಸಸ್ಯವಿಜ್ಞಾನಿ ಇದನ್ನು ಗುರುತಿಸಿ ಬರೆದ. ಗಂಧದ ಬೇರು ನೆಲದಲ್ಲಿ ಹರಡುತ್ತಾ ಇನ್ನೊಂದು ಗಿಡದ ಬೇರು ಸಿಕ್ಕಿದಲ್ಲಿ ಪುಟ್ಟ ಬಟ್ಟಲಿನಂಥ ಹಿಡಿಕೆ ಬೆಳೆಸುತ್ತದೆ, ಅದರ ಮೂಲಕ ನೀರು, ಸಾರಜನಕ, ಲವಣಗಳನ್ನು ಎಳೆದುಕೊಳ್ಳುತ್ತದೆ. ಒಂದೇ ಗಂಧದ ಮರ ಏಕಕಾಲಕ್ಕೆ ಹಲವು ಗಿಡಗಳ ಬೇರು ಹಿಡಿದಿರಬಹುದು. ಹುಲ್ಲಿನಿಂದ ಹಿಡಿದು ಮರದವರೆಗೆ ಮುನ್ನೂರಕ್ಕೂ ಹೆಚ್ಚು ಜಾತಿಯ ಸಸ್ಯಗಳು ಇದಕ್ಕೆ ಆಸರೆ ಕೊಡುತ್ತವೆ.

ಬೀಜದಲ್ಲಿದ್ದ ಬುತ್ತಿಯ ಬಲದಿಂದ ಸಸಿ ಕೆಲವು ತಿಂಗಳು ಒಂಟಿಯಾಗಿಯೇ ಬದುಕುತ್ತದೆ. ಆಮೇಲೆ ಆಸರೆ ಸಿಗದಿದ್ದರೆ ಎಲೆ ಹಳದಿಯಾಗಿ, ಬೆಳವಣಿಗೆ ನಿಂತು ಸೊರಗುತ್ತದೆ. ಆದ್ದರಿಂದ ನರ್ಸರಿಗಳಲ್ಲಿ ಗಂಧದ ಸಸಿಯ ಚೀಲದಲ್ಲೇ ತೊಗರಿಯನ್ನೋ ಹೊನಗೊನ್ನೆಯನ್ನೋ ಜೊತೆಗೆ ಬೆಳೆಸುತ್ತಾರೆ. ಆಸರೆಯ ಗಿಡ ನೆರಳು ಮಾಡಿ ಸಸಿಯನ್ನು ಮುಚ್ಚದಂತೆ ಆಗಾಗ ತುದಿ ಕತ್ತರಿಸುತ್ತಾರೆ. ಹೊಲಕ್ಕೆ ನೆಟ್ಟ ಮೇಲೆ ಕೆಲವು ವರ್ಷಕ್ಕೆ ತೊಗರಿ, ಅದರಾಚೆಗೆ ಹೊಂಗೆ, ಸರ್ವೆ, ಜಾಲಿ ಜಾತಿಯ ದೀರ್ಘಕಾಲದ ಮರಗಳು ಬೇಕು. ಬೇರಿನಲ್ಲಿ ಸಾರಜನಕ ಹಿಡಿದಿಡುವ ಗಿಡಗಳು ಸಾಮಾನ್ಯವಾಗಿ ಹೆಚ್ಚು ಒಳ್ಳೆಯ ಆಸರೆ.

ಈಗ ಸರಪಳಿ ನೋಡಿ. ಬ್ಯಾಕ್ಟೀರಿಯಾ ಹೊಂಗೆಗೆ ಸಾರಜನಕ ಕೊಡುತ್ತದೆ. ಅದು ಪರಸ್ಪರ ಸಹಾಯ. ಆ ಹೊಂಗೆಯಿಂದ ಗಂಧ ಕದಿಯುತ್ತದೆ, ಅದು ಪರಾವಲಂಬನೆ. ಗಂಧದ ಹಣ್ಣನ್ನು ಕೋಗಿಲೆ ತಿಂದು ಬೀಜ ದೂರಕ್ಕೆ ಒಯ್ಯುತ್ತದೆ. ಮತ್ತೆ ಪರಸ್ಪರ ಸಹಾಯ. ಅದೇ ಕೋಗಿಲೆ ಕಾಗೆಯ ಗೂಡಿನಲ್ಲಿ ಮೊಟ್ಟೆಯಿಟ್ಟು ಮರಿ ಸಾಕುವ ಕೆಲಸವನ್ನು ಕಾಗೆಗೆ ಹಚ್ಚುತ್ತದೆ, ಮತ್ತೆ ಪರಾವಲಂಬನೆ. ಕೋಗಿಲೆ ಒಳ್ಳೆಯದೋ ಕೆಟ್ಟದ್ದೋ ಎಂದರೆ, ಕೇಳಿದ್ದು ಗಂಧವನ್ನೋ ಕಾಗೆಯನ್ನೋ ಎಂಬುದರ ಮೇಲೆ ಉತ್ತರ ನಿಂತಿದೆ.

ಊರಿಗೆ ಬಂದು ನೆಲೆಸಿದವರನ್ನು ಪರಾವಲಂಬಿಗಳು ಎಂದು ಬೈಯುವ ಮಾತು ಎಲ್ಲ ನಗರಗಳಲ್ಲೂ ಆಗಾಗ ಕಿವಿಗೆ ಬೀಳುತ್ತದೆ. ಜೀವಶಾಸ್ತ್ರದಲ್ಲಿ ಅದು ಎರಡು ಬೇರೆ ಬೇರೆ ಜಾತಿಯ ಜೀವಿಗಳ ನಡುವೆ ಆಹಾರ ಯಾವ ದಿಕ್ಕಿಗೆ ಹರಿಯುತ್ತದೆ ಎಂದು ಹೇಳುವ ಪದ ಮಾತ್ರ. ಮನುಷ್ಯರ ಮೇಲೆ ಹೊರಿಸಿದಾಗ ಅದು ವಿಜ್ಞಾನವಾಗಿ ಉಳಿಯುವುದಿಲ್ಲ, ಬರೀ ಬೈಗುಳ.

ಹೊಂಗೆಯ ಬೆಲೆ

ಓದಿದ್ದನ್ನು ಕಣ್ಣಾರೆ ನೋಡುವ ಅವಕಾಶ ಆಫೀಸಿನಲ್ಲೇ ಸಿಕ್ಕಿತು. ಭರೂಚ್ ಜಿಲ್ಲೆಯ ನನ್ನ ಸಹೋದ್ಯೋಗಿಯ ಮನೆಯವರು ನಾಲ್ಕು ವರ್ಷದ ಹಿಂದೆ ಗಂಧ ಹಾಕಿದ್ದಾರೆ. ಗುಜರಾತಿಯಲ್ಲಿ ಅದನ್ನು ಸುಖಡ್ ಎನ್ನುತ್ತಾರೆ. ಒಂದು ಭಾನುವಾರ ಅವನ ಜೊತೆ ಹೋಗಿದ್ದೆ. ತೋಟದ ಒಂದು ಬದಿಯಲ್ಲಿ ಸಾಲುಗಳ ನಡುವೆ ತೊಗರಿ, ಅಂದರೆ ಅವರ ತುವೇರ್, ಸರ್ವೆ ಮರಗಳೂ ಇದ್ದವು. ಗಂಧ ಆಳೆತ್ತರ ದಾಟಿ ಹಸಿರಾಗಿತ್ತು. ಇನ್ನೊಂದು ಬದಿಯಲ್ಲಿ ಕಳೆ ತೆಗೆದು ನೆಲ ಚೊಕ್ಕಟವಾಗಿತ್ತು. ಗಂಧ ಸೊಂಟದೆತ್ತರವೂ ಇರಲಿಲ್ಲ, ಎಲೆ ಹಳದಿ. "ಚೊಕ್ಕಟ ಮಾಡಿದ್ದೇ ಅದಕ್ಕೆ ಮುಳುವಾಯ್ತು ಭಾಯ್" ಎಂದರು ಅವನ ಕಾಕಾ.

ಬೇರೆ ಲೆಕ್ಕಗಳೂ ಇವೆ. ಗಂಧದ ಬೆಲೆ ಇರುವುದು ಚೇಗಿನಲ್ಲಿ, ಅಂದರೆ ಎಣ್ಣೆಯಿರುವ ನಡುತಿರುಳಿನಲ್ಲಿ. ಅದು ಕಟ್ಟಲು ಶುರುವಾಗುವುದಕ್ಕೇ ಸುಮಾರು ಹತ್ತು ವರ್ಷ ಬೇಕು. ಹದಿನೈದನೇ ವರ್ಷಕ್ಕೆ ಎಲ್ಲ ಮರದಲ್ಲೂ ಒಂದೇ ಸಮ ಚೇಗು ಇರುತ್ತದೆ ಎಂದು ಯಾರೂ ಖಾತ್ರಿ ಕೊಡಲಾರರು. ಕರ್ನಾಟಕದಲ್ಲಿ 2001ರ ಕಾನೂನು ತಿದ್ದುಪಡಿಯ ನಂತರ ನಮ್ಮ ಜಮೀನಿನ ಗಂಧ ನಮ್ಮದೇ; ಅದಕ್ಕೆ ಮೊದಲು ಅದು ಸರ್ಕಾರದ ಸೊತ್ತಾಗಿತ್ತು. ಆದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಕಳ್ಳರ ಕಾಟ ಗೊತ್ತೇ ಇದೆ. ಇನ್ನು ಸ್ಪೈಕ್ ರೋಗ: ಎಲೆಗಳು ಸಣ್ಣದಾಗಿ ಮುಳ್ಳಿನಂತೆ ನಿಮಿರಿ ಮರ ಒಣಗುವ ಈ ರೋಗ ಹತ್ತೊಂಬತ್ತನೇ ಶತಮಾನದ ಕೊನೆಗೆ ಕೊಡಗಿನಲ್ಲಿ ಮೊದಲು ಗಮನಕ್ಕೆ ಬಂತು. ಕಾರಣ ಫೈಟೊಪ್ಲಾಸ್ಮಾ ಎಂಬ ಸೂಕ್ಷ್ಮಜೀವಿ. ರಸ ಹೀರುವ ಕೀಟಗಳು ಅದನ್ನು ಹರಡುತ್ತವೆ. ಬಂದ ಮರವನ್ನು ಉಳಿಸುವ ಮದ್ದು ಇಲ್ಲ. ಪರಾವಲಂಬಿಗೂ ಒಬ್ಬ ಪರಾವಲಂಬಿ.

ತಿಂಗಳು ತುಂಬಿದ ಮೇಲೆ ತಮ್ಮನಿಗೆ ಫೋನ್ ಮಾಡಿದೆ. "ಹೊಂಗೆ ಕಡಿಯೋದು ಬೇಡ ಕಣೋ. ಗಂಧಕ್ಕೆ ಬೇಕಾಗಿರೋದೇ ಅದು. ಅವರಿಗೆ ಆಸರೆ ಗಿಡದ ಬಗ್ಗೆ ಏನು ವ್ಯವಸ್ಥೆ ಅಂತ ಕೇಳು" ಅಂದೆ. ಅವನು ಕೇಳಿದ. ಜಮೀನು ಕ್ಲೀನ್ ಇದ್ದರೆ ಗೊಬ್ಬರ ಚೆನ್ನಾಗಿ ಹಿಡಿಯುತ್ತದೆ ಎಂಬ ಉತ್ತರ ಬಂತಂತೆ. ಅಲ್ಲಿಗೆ ಆ ಮಾತುಕತೆ ಮುಗಿಯಿತು. ಅವ್ವನಿಗೆ ಮಾತ್ರ ಇದರಲ್ಲಿ ಆಶ್ಚರ್ಯವೇ ಕಾಣಲಿಲ್ಲ. "ನಿಮ್ಮ ತಾತನ ಕಾಲದಲ್ಲಿ ಗಂಧ ತಾನಾಗೇ ಹುಟ್ಟುತ್ತಿದ್ದದ್ದು ಬೇಲಿ ಸಾಲಲ್ಲೇ, ಬಯಲಲ್ಲಿ ಯಾವತ್ತು ಹುಟ್ಟಿತ್ತು?" ಅಂದಳು. ಹಕ್ಕಿ ಕೂತು ಹಿಕ್ಕೆ ಹಾಕುವುದೂ ಬೇಲಿಯ ಮೇಲೆ, ಆಸರೆಯ ಬೇರು ಸಿಗುವುದೂ ಅಲ್ಲೇ.

ಗಂಧದ ತೋಟದಲ್ಲಿ ಹಣ ಹೂಡಲು ಹೊರಟಿರುವ ಗೆಳೆಯರು ಮಾರುವವರನ್ನು ಕೆಲವು ಪ್ರಶ್ನೆ ಕೇಳಲೇಬೇಕು. ಸಸಿಯ ಚೀಲದಲ್ಲಿ ಜೊತೆಗಿಡ ಇದೆಯೇ? ನೆಟ್ಟ ಮೇಲೆ ಮೊದಲ ಐದು ವರ್ಷದ ಆಸರೆ ಯಾವುದು, ಆಮೇಲಿನದು ಯಾವುದು? ಆಸರೆಯ ಮರ ಸತ್ತರೆ ಬದಲಿಗೆ ನೆಡುವವರು ಯಾರು? ಕಾವಲಿನ ಖರ್ಚು ಎಷ್ಟು ವರ್ಷದವರೆಗೆ ಯಾರದು? ಇವಕ್ಕೆ ನೇರ ಉತ್ತರ ಬರದಿದ್ದರೆ ಕೋಟಿಯ ಲೆಕ್ಕವನ್ನು ಪಕ್ಕಕ್ಕಿಡಿ. ಬೆಂಗಳೂರಿನ ಮಲ್ಲೇಶ್ವರದಲ್ಲಿರುವ ಮರ ವಿಜ್ಞಾನ ಮತ್ತು ತಂತ್ರಜ್ಞಾನ ಸಂಸ್ಥೆ ಗಂಧದ ಮೇಲೆ ಬಹುಕಾಲದಿಂದ ಕೆಲಸ ಮಾಡುತ್ತಿದೆ. ಅಲ್ಲಿ ವಿಚಾರಿಸಿ ಮುಂದುವರಿಯುವುದು ಕ್ಷೇಮ.

ನಾವು ಈ ಮುಂಗಾರಿಗೆ ಎರಡೆಕರೆ ಬಿಟ್ಟು, ಬದುವಿನ ಹೊಂಗೆಗಳಿಗೆ ಹತ್ತಿರದ ಅರ್ಧ ಎಕರೆಯಲ್ಲಿ ಮಾತ್ರ ಸಸಿ ಇಡುತ್ತಿದ್ದೇವೆ, ನಡುವೆ ತೊಗರಿ ಬಿತ್ತಿ. ಉಳಿದದ್ದರಲ್ಲಿ ಎಂದಿನಂತೆ ರಾಗಿ. ಗಂಧ ಬಂದರೆ ಸಂತೋಷ. ಬರದಿದ್ದರೆ ತೊಗರಿಬೇಳೆಯಂತೂ ಮನೆಗೆ ಬರುತ್ತದೆ, ಹನ್ನೊಂದು ಹೊಂಗೆ ನಿಂತಿರುತ್ತವೆ.